ಅಭಿಮಾನಕ್ಕೆ ಬಿದ್ದ ತೆರಿಗೆ

ಮನೆಯಿಂದ, ಹಿಂದಿನ ಕೋಣೆಯ ಕಿಟಕಿ ಪಕ್ಕ
ಭಾನುವಾರ, ಮಾರ್ಚ್ 9

ಪ್ರೀತಿಯ ಪುಟ್ಟಿ,

ಹೇಗಿದ್ದೀಯಮ್ಮ? ಕೆಮ್ಮು ಹೋಯಿತೇ? ಸುರಂಗದ ಒಳಗೆ ಅಳತೆ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಇಲ್ಲ ಜೊತೆಯವರು ನಗುತ್ತಾರೆಂದು ಜೇಬಿನಲ್ಲೇ ಇಟ್ಟುಕೊಂಡಿರುತ್ತೀಯೋ? ನಿನಗೆ ಧೂಳು ಆಗದು ಎಂದು ಬೆಟ್ಟಕ್ಕೆ ಗೊತ್ತಿಲ್ಲ, ನಿನಗಾದರೂ ಗೊತ್ತಿರಬೇಕು. ನಾನು ಚೆನ್ನಾಗಿದ್ದೇನೆ. ಮಂಡಿ ಮೊದಲಿನ ಹಾಗೇ ಇದೆ. ಕೆಲಸಕ್ಕೆ ಸೇರಿದಾಗಿನಿಂದ ಬಿಡುವವರೆಗೂ ಓಡುವ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವನ ಮಂಡಿ ಇದಕ್ಕಿಂತ ಒಳ್ಳೆಯ ಮಾತಾಡಲಾರದು. ಅನ್ನ ತಳ ಹಿಡಿಯುವುದು ನಿಂತಿದೆ. ಉಪ್ಪು ಮಾತ್ರ ಒಂದು ದಿನ ಮರೆತರೆ ಮಾರನೇ ದಿನ ಎರಡು ಸಲ ಬೀಳುತ್ತದೆ. ನಿನ್ನಮ್ಮ ಇದ್ದಿದ್ದರೆ, 'ಎರಡು ದಿನದ್ದೂ ಕಲಸಿಕೊಂಡು ತಿನ್ನಿ, ಸರಿಹೋಗುತ್ತೆ' ಅನ್ನುತ್ತಿದ್ದಳು.

ನಿನ್ನ ಕಾಗದ ತಲುಪಿತು. ಜೊತೆಗೆ ಅಮ್ಮನ ವಿಡಿಯೋ ಚಾನೆಲ್ ಮುಚ್ಚಲು ನೀನು ಸಹಿ ಹಾಕಿ ಕಳಿಸಿದ ಅರ್ಜಿಯೂ. ಗುಡ್ಡದ ಮೇಲಿನ ಕ್ಯಾಂಟೀನಿಗೆ ಬಂದರೆ ನಿನ್ನ ಫೋನು ಹಿಡಿಯುತ್ತದೆಂದು ಗೊತ್ತು, ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ಆಯ್ತು, ನಿಂದಾಯ್ತಾ ಅನ್ನುವಲ್ಲಿಗೆ ನಿಂತುಬಿಡುತ್ತೇವೆ. ಅಮ್ಮನ ಮಾತು ಬಂದರೆ ನೀನು 'ಸಿಗ್ನಲ್ ಹೋಗ್ತಿದೆ ಅಪ್ಪಾ' ಅನ್ನುತ್ತೀ, ನಾನು 'ಹೂಂ, ಇಲ್ಲೂ ಅಷ್ಟೇ' ಅನ್ನುತ್ತೇನೆ. ಇಲ್ಲಿ ಸಿಗ್ನಲ್ಲಿಗೆ ಏನೂ ಆಗಿರುವುದಿಲ್ಲ. ಅದಕ್ಕೇ ಕಾಗದ. ದಿನಚರಿ ಬರೆಯುವ ಅಭ್ಯಾಸ ಇರುವುದರಿಂದ ಬರೆಯುವಾಗ ನನ್ನ ಮಾತು ಅಲ್ಲಿಗೇ ನಿಲ್ಲುವುದಿಲ್ಲ. 'ತೆರಿಗೆ ಎಷ್ಟಾದರೂ ಕಟ್ಟಿಬಿಡು ಅಪ್ಪಾ, ಅಮ್ಮನ ಚಾನೆಲ್ ಮುಚ್ಚಿಬಿಡು. ಊಟಕ್ಕೆ ಕೂತಾಗ ಫೋನಿನಲ್ಲಿ ಇದ್ದಕ್ಕಿದ್ದ ಹಾಗೆ ಅವಳ ಕೈ ಕಾಣಿಸುತ್ತೆ. ತುತ್ತು ಇಳಿಯಲ್ಲ' ಎಂದು ಬರೆದಿದ್ದೀ. ನೀನು ಹೇಳುವುದು ತಪ್ಪಲ್ಲ, ಮಗಳೇ. ಆ ಚಾನೆಲ್ಲಿನಲ್ಲಿ ಅವಳ ಮುಖ ಒಂದು ಕಡೆಯೂ ಇಲ್ಲ. ಬರೀ ಕೈ, ಸೂಜಿ, ಬಗ್ಗುವ ಕತ್ತಿನ ಆ ದೀಪದ ಬೆಳಕು, ಮತ್ತೆ ದನಿ. ಹರಿದ ಬಟ್ಟೆಯ ಎಳೆಯೊಳಗೇ ಎಳೆ ಸೇರಿಸಿ, ಹರಿದದ್ದೇ ಸುಳ್ಳು ಅನ್ನುವ ಹಾಗೆ ರಫೂ ಮಾಡುವ ಆ ಬೆರಳುಗಳನ್ನು ನೋಡಲು ನನಗೂ ಮೊದಮೊದಲು ಆಗುತ್ತಿರಲಿಲ್ಲ.

ಈಗ ತೆರಿಗೆಯ ವಿಷಯ. ಅಮ್ಮನ ಹೆಸರಿಗೆ ತೆರಿಗೆ ಕಚೇರಿಯಿಂದ ಕಾಗದ ಬಂದದ್ದು ನಿನಗೆ ಹೇಳಿದ್ದೆನಲ್ಲ. ಚಾನೆಲ್ ನಡೆಸುವ ಕಂಪನಿಯ ಮೂಲಕ ಈ ವರ್ಷ ಇವರಿಗೆ ಇಷ್ಟು ಹಣ ಬಂದಿದೆ, ಲೆಕ್ಕ ಬಂದಿಲ್ಲ, ಯಾಕೆ ಎಂದು ಕೇಳಿದ್ದರು. ತೀರಿಹೋದವರನ್ನು ಯಾಕೆ ಎಂದು ಕೇಳಿದರೆ ಏನು ಹೇಳಬೇಕು? ನಾನೇ ಉತ್ತರ ಬರೆಯಲು ಕೂತೆ. ಇದು ಸಂಬಳವಲ್ಲ, ವ್ಯಾಪಾರವಲ್ಲ. ಅಭಿಮಾನಿಗಳು ತಿಂಗಳು ತಿಂಗಳು ಪ್ರೀತಿಯಿಂದ ಕೊಟ್ಟದ್ದು, ಕೊಡಿ ಎಂದು ಇವಳು ಯಾರ ಮುಂದೆಯೂ ಕೈ ಒಡ್ಡಿದವಳಲ್ಲ, ಅಭಿಮಾನಕ್ಕೆ ತೆರಿಗೆ ಹಾಕುವುದು ಯಾವ ನ್ಯಾಯ ಎಂದೆಲ್ಲ ಬರೆದೆ. ಓದಿಕೊಂಡರೆ ಬಹಳ ಚೆನ್ನಾಗಿ ಬಂದಿತ್ತು. ಅಷ್ಟು ಚೆನ್ನಾಗಿ ಬಂದದ್ದಕ್ಕೇ ಅನುಮಾನ ಬಂತು. ನಾನು ಕೋಪದಲ್ಲಿ ಬರೆದದ್ದು ಚೆನ್ನಾಗಿ ಬಂದಾಗಲೆಲ್ಲ ಡಿಪೋ ಮ್ಯಾನೇಜರು ನನ್ನನ್ನು ಕರೆಸುತ್ತಿದ್ದರು. ಅದಕ್ಕೆ ಅಂಚೆಗೆ ಹಾಕುವ ಮುಂಚೆ ಲೆಕ್ಕ ಬಲ್ಲವರೊಬ್ಬರಿಗೆ ತೋರಿಸೋಣವೆಂದು, ಅಮ್ಮನ ದಾರದ ಡಬ್ಬಿಯಲ್ಲಿದ್ದ ಚೀಟಿಯ ವಿಳಾಸ ಹಿಡಿದು ಹೋದೆ. ವಿಳಾಸದ ಮೇಲೆ ಅಮ್ಮ 'ತೆರಿಗೆ ಲೆಕ್ಕದ ಪೆನ್ಸಿಲ್ಲು' ಎಂದು ಬರೆದಿಟ್ಟಿದ್ದಳು, ಹೋಗಿ ನೋಡಿದರೆ ಅವರು ನಿಜಕ್ಕೂ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ತುಂಬ ಹೊಸ ರಬ್ಬರಿನ ವಾಸನೆ. ಮೇಜಿನ ಮೇಲೆ ಕಾಗದಗಳು ಹಾರದಿರಲೆಂದು ಒಂದೊಂದು ಕಟ್ಟಿನ ಮೇಲೂ ಒಂದೊಂದು ಒಂಟಿ ಶೂ ಇಟ್ಟಿದ್ದಾರೆ. ಕೆಳಗಿನ ಅಂಗಡಿಯವನು ಜೋಡಿ ತಪ್ಪಿದ್ದನ್ನೆಲ್ಲ ಇವರಿಗೆ ಕೊಡುತ್ತಾನಂತೆ.

ಅವರು ನನ್ನ ಉತ್ತರವನ್ನು ಪೂರ್ತಿ ಓದಿದರು. ನಗಲಿಲ್ಲ. 'ಚೆನ್ನಾಗಿ ಬರ್ದಿದ್ದೀರಿ ಯಜಮಾನ್ರೇ, ಕಳಿಸಬೇಡಿ' ಅಂದರು. ಆಮೇಲೆ ಕುರ್ಚಿ ನನ್ನ ಕಡೆ ಎಳೆದುಕೊಂಡು ನಿಧಾನವಾಗಿ ವಿವರಿಸಿದರು. ನಾನು ತಿಳಿದುಕೊಂಡ ಹಾಗೆ ನಿನಗೂ ಹೇಳುತ್ತೇನೆ, ನಿನಗೂ ನನ್ನ ಹಾಗೇ ಅನಿಸಿರಬಹುದು. ಕೊಡುವವರು ಅದಕ್ಕೆ ಬೆಂಬಲ ಅನ್ನಲಿ, ಚಹಾಕ್ಕೆ ಅನ್ನಲಿ, ಕಾಣಿಕೆ ಅನ್ನಲಿ, ಹೆಸರಿನಿಂದ ಏನೂ ಆಗುವುದಿಲ್ಲವಂತೆ. ಯಾಕೆ ಕೊಟ್ಟರು ಎಂದು ನೋಡುತ್ತಾರಂತೆ. ನೆಂಟರು ಮದುವೆಗೆ ಕೊಟ್ಟದ್ದು ಉಡುಗೊರೆ. ಅದಕ್ಕೂ ಅವಳ ಕೆಲಸಕ್ಕೂ ಸಂಬಂಧವಿಲ್ಲ. ಆದರೆ ಕಂಡು ಕೇಳದ ಜನ, ಅವಳು ಮಾಡುವ ಕೆಲಸ ನೋಡಿ, ಇನ್ನೂ ಮಾಡಲಿ ಎಂದು ತಿಂಗಳು ತಿಂಗಳು ಕಳಿಸಿದರೆ ಅದು ಆ ಕೆಲಸದಿಂದ ಬಂದ ಸಂಪಾದನೆ. ನಾನು ಬಿಡಲಿಲ್ಲ. ಬೀದಿಯಲ್ಲಿ ಹಾಡುವವನ ಮುಂದೆ ಜನ ಚಿಲ್ಲರೆ ಹಾಕಿ ಹೋಗುತ್ತಾರೆ, ಅದೂ ಸಂಪಾದನೆಯೇ ಎಂದು ಕೇಳಿದೆ. 'ಸಂಪಾದನೇನೇ. ಯಾರೂ ಹೋಗಿ ಕೇಳಲ್ಲ ಅಷ್ಟೇ' ಅಂದರು. ಆಮೇಲೆ ಪೆನ್ಸಿಲ್ ಕೈಗೆ ತೆಗೆದುಕೊಂಡು, 'ಒಂದು ಮಾತು ಸರಿಯಾಗಿ ಹೇಳಿ. ಹಣ ಕೊಟ್ಟೋರಿಗೆ ಪ್ರತಿಯಾಗಿ ಏನಾದ್ರೂ ಸಿಗ್ತಿತ್ತಾ?' ಎಂದು ಕೇಳಿದರು. ಏನೂ ಇಲ್ಲ ಸಾರ್, ನೋಡುವುದನ್ನು ಎಲ್ಲರೂ ಬಿಟ್ಟಿಯಾಗಿಯೇ ನೋಡುತ್ತಿದ್ದರು ಅಂದೆ. ಪ್ರತಿ ವಿಡಿಯೋದ ಕೊನೆಯಲ್ಲಿ ನಿಮ್ಮ ಮನೆಯವರು ಹಣ ಕೊಟ್ಟವರ ಹೆಸರು ಓದುತ್ತಿದ್ದರಲ್ಲ, ಕಷ್ಟದ ಹೊಲಿಗೆಯನ್ನು ಅವರಿಗೆ ಮಾತ್ರ ಬಿಡಿಸಿ ತೋರಿಸುತ್ತಿದ್ದರಲ್ಲ ಅಂದರು. ಅವರು ಏನೋ ಬರೆದುಕೊಂಡರು.

ಕಷ್ಟ ಅನಿಸಬಾರದೆಂದು ಅನುಕೂಲದ ಮಾತೂ ಹೇಳಿದರು. ಕಂಪನಿಯವರು ತಮ್ಮ ಪಾಲು ಹಿಡಿದುಕೊಂಡು ಉಳಿದದ್ದನ್ನು ಕಳಿಸುತ್ತಾರಲ್ಲ, ನಾವು ಪೂರ್ತಿ ಮೊತ್ತ ತೋರಿಸಿ ಅವರ ಪಾಲನ್ನು ಖರ್ಚೆಂದು ಕಳೆಯಬೇಕು. ದಾರ, ಸೂಜಿ, ದೀಪ, ಎಲ್ಲ ಖರ್ಚಿಗೆ ಸೇರುತ್ತದೆ. ಫೋನು ನಿಲ್ಲಿಸುವ ಸ್ಟ್ಯಾಂಡಿಗೆ ಎಷ್ಟಾಯಿತು ಎಂದು ಕೇಳಿದರು. ಅದು ನನ್ನ ಹಳೆಯ ಟಿಕೆಟ್ ಪೆಟ್ಟಿಗೆಯ ಪಟ್ಟಿಯಿಂದ ನಾನೇ ಮಾಡಿಕೊಟ್ಟದ್ದು ಅಂದೆ. 'ಹಾಗಾದ್ರೆ ಅದೊಂದೇ ನಿಜವಾದ ಉಡುಗೊರೆ' ಅಂದರು. ಅಮ್ಮ ತೀರಿಕೊಂಡ ದಿನದವರೆಗಿನದು ಅವಳ ಆದಾಯ, ಆಮೇಲೆ ಬಂದದ್ದು ನಿನ್ನದು ಮತ್ತು ನನ್ನದು, ಅದರ ಲೆಕ್ಕ ಬೇರೆ. ಇದನ್ನೆಲ್ಲ ಹೇಳುವಾಗ ಅವರ ಕೋಟಿನ ಮೊಣಕೈ ಕಡೆಗೇ ನನ್ನ ಕಣ್ಣು ಹೋಗುತ್ತಿತ್ತು. ಕಳೆದ ವರ್ಷ ಅವರು ಫೀಸು ಬೇಡವೆಂದು, ಬದಲಿಗೆ ಈ ಕೋಟು ಕೊಟ್ಟಿದ್ದರಂತೆ, ಅಮ್ಮ ರಫೂ ಮಾಡಿಕೊಟ್ಟಳಂತೆ. ಎಲ್ಲಿ ಹರಿದಿತ್ತೆಂದು ಈಗ ಅವರಿಗೇ ಗೊತ್ತಾಗುವುದಿಲ್ಲ. 'ಅದೂ ಆದಾಯನೇ. ನನ್ನ ಲೆಕ್ಕದಲ್ಲೂ ಬರ್ದಿದ್ದೀನಿ, ಅವರ ಲೆಕ್ಕದಲ್ಲೂ ಬರ್ದಿದ್ದೀನಿ' ಅಂದರು. ಎಂಥ ಮನುಷ್ಯ ನೋಡು.

ಕಳೆದ ವರ್ಷ ಅಮ್ಮ ಇಲ್ಲಿಗೆ ಬಂದು ಲೆಕ್ಕ ಕೊಟ್ಟು ತೆರಿಗೆ ಕಟ್ಟಿದ್ದೇ ನನಗೆ ಗೊತ್ತಿರಲಿಲ್ಲ, ಪುಟ್ಟಿ. ದಾರ ತರಲು ಹೋಗಿಬರುತ್ತೇನೆ ಎಂದು ಹೊರಟ ಯಾವುದೋ ಮಧ್ಯಾಹ್ನ ಬಂದಿರಬೇಕು. ಅವಳ ಗುಟ್ಟು ಅವಳಿಗಿರಲಿ. ನನ್ನದೂ ಒಂದಿತ್ತು. ಅದನ್ನು ನಿನಗೆ ಈಗ ಹೇಳುತ್ತೇನೆ.

ಅವಳು ಚಾನೆಲ್ ಶುರುಮಾಡಿದ ಹೊಸದರಲ್ಲಿ ನೋಡುವವರಿದ್ದರು, ಕೊಡುವವರು ಒಬ್ಬರೂ ಇರಲಿಲ್ಲ. ತಿಂಗಳಿಗಿಷ್ಟೆಂದು ಕೊಟ್ಟು ಸೇರುವ ಆ ಸದಸ್ಯರ ಏರ್ಪಾಟನ್ನು ನೀನೇ ಮಾಡಿಕೊಟ್ಟು ಹೋಗಿದ್ದೆ. ದಿನಾ ಸಂಜೆ ಕನ್ನಡಕ ಏರಿಸಿ ನೋಡುತ್ತಿದ್ದಳು. ಸೊನ್ನೆ. 'ಹರಿದ ಬಟ್ಟೆ ನೋಡೋಕೆ ಯಾರು ದುಡ್ಡು ಕೊಡ್ತಾರೆ ಬಿಡಿ' ಎಂದು ನಗುತ್ತಿದ್ದಳು. ಆ ನಗು ನನಗೆ ಆಗಿಬರುತ್ತಿರಲಿಲ್ಲ. ಕೈಯಲ್ಲಿ ಕೊಟ್ಟರೆ ಅದು ಮನೆ ಖರ್ಚಿನ ಹಣವಾಗುತ್ತದೆ, ಅವಳ ಕೆಲಸದ್ದಾಗುವುದಿಲ್ಲ. ಅದಕ್ಕೆ ತಿರುವಿನಲ್ಲಿರುವ ಮೊಬೈಲ್ ಅಂಗಡಿಯ ಹುಡುಗಿಯ ಹತ್ತಿರ ಹೋಗಿ, ನನ್ನನ್ನೂ ಒಬ್ಬ ಸದಸ್ಯನನ್ನಾಗಿ ಸೇರಿಸು ಎಂದೆ. ತಿಂಗಳಿಗೊಮ್ಮೆ ನನ್ನ ಪಿಂಚಣಿಯಿಂದ ತಾನಾಗಿಯೇ ಹೋಗುವ ಹಾಗೆ. ಹೆಸರೇನು ಹಾಕಲಿ ತಾತಾ ಅಂದಳು. ನಿಜ ಹೆಸರು ಹೇಳುವ ಹಾಗಿಲ್ಲ. ಬಾಯಿಗೆ ಬಂದದ್ದು 'ಕೊನೆ ಸೀಟು'. ಯಾಕೆಂದು ನಿನಗೆ ಗೊತ್ತಲ್ಲ. ಮದುವೆಯಾದ ಹೊಸದರಲ್ಲಿ ಅವಳು ನನಗೆ ಊಟದ ಡಬ್ಬಿ ತಂದುಕೊಟ್ಟು, ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು, ನನ್ನ ಪಾಳಿ ಮುಗಿಯುವವರೆಗೆ ಊರೆಲ್ಲ ಸುತ್ತುತ್ತಿದ್ದಳು. ಪ್ರತಿ ಸುತ್ತಿಗೂ ನಾನು ಟಿಕೆಟ್ ಹರಿದುಕೊಟ್ಟು ನನ್ನ ಜೇಬಿನಿಂದ ಹಣ ಹಾಕುತ್ತಿದ್ದೆ. ತಪಾಸಣೆಗೆ ಹತ್ತಿದ ಸಾಹೇಬರೊಮ್ಮೆ, ಹೆಂಡತಿಗೂ ಟಿಕೆಟ್ಟೇನಯ್ಯಾ ಎಂದು ನಕ್ಕರು. 'ಬಸ್ಸು ನನ್ನದಲ್ಲ ಸಾರ್, ಹೆಂಡತಿ ಮಾತ್ರ ನನ್ನವಳು' ಅಂದೆ. ಈ ಮಾತನ್ನು ಅವಳು ನಿನಗೆ ಎಷ್ಟು ಸಲ ಹೇಳಿದ್ದಾಳೋ.

ಆ ಸಂಜೆ ಸೊನ್ನೆ ಹೋಗಿ ಒಂದು ಆಯಿತು. ಅವಳು ಫೋನು ಹಿಡಿದು ಅಡುಗೆಮನೆಯಿಂದ ಓಡಿಬಂದಳು. 'ಯಾರೋ ಸೇರಿದ್ದಾರೆ ಕಣ್ರೀ, ಕೊನೆ ಸೀಟು ಅಂತೆ, ಯಾರೋ ಪಾಪ' ಅಂದಳು. ನಾನು ಪೇಪರ್ ಓದುತ್ತಾ, ಓಹೋ ಹಾಗೋ ಅಂದೆ. ಆಮೇಲೆ ಬೇರೆಯವರೂ ಬಂದರು. ದೂರದ ಊರುಗಳಿಂದ, ಟೈಲರುಗಳು, ಕಾಲೇಜು ಹುಡುಗಿಯರು, ಒಬ್ಬ ಹಡಗಿನ ಅಡುಗೆಯವನು. ನನ್ನ ಕೆಲಸ ಆಗಿತ್ತು, ನಿಲ್ಲಿಸಬಹುದಿತ್ತು. ಆದರೆ ಮೊದಲು ಸೇರಿದವನೇ ಎದ್ದುಹೋದರೆ ಅವಳಿಗೆ ಹೇಗಾಗುತ್ತದೆ? ಎಲ್ಲರಿಗೂ ಧನ್ಯವಾದ ಹೇಳುವಾಗ ಕೊನೆಯಲ್ಲಿ 'ಕೊನೆ ಸೀಟಿನವರೇ, ಆರಾಮಾಗಿ ಕೂತಿದ್ದೀರಾ?' ಎಂದು ಕೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನಾನು ಕೂತೇ ಇರುತ್ತಿದ್ದೆ. ಹಣ ತಲುಪಿದೊಡನೆ ಸದಸ್ಯರಿಗೆ ತಾನಾಗಿ ಹೋಗುವ ಒಂದು ಧನ್ಯವಾದದ ಮಾತನ್ನೂ ಒಂದು ದಿನ ಕೂತು ಧ್ವನಿಮುದ್ರಿಸಿದಳು. ಪಕ್ಕದ ಮನೆಯವರು ಗೋಡೆ ಕೊರೆಯುತ್ತಿದ್ದರು, ಅವರು ನಿಲ್ಲಿಸುವುದನ್ನು ಕಾದು ಕಾದು, ಅಂತೂ ಒಂದು ಸಲ ಪೂರ್ತಿ ಹೇಳುವ ಹೊತ್ತಿಗೆ ನಾನು ತರಕಾರಿ ಚೀಲ ಹಿಡಿದು ಒಳಗೆ ಬಂದೆ. ಬೈಸಿಕೊಂಡೆ. ಮತ್ತೆ ಮೊದಲಿಂದ ಹೇಳಲು ಬೇಸರವಾಗಿ ಹಾಗೇ ಬಿಟ್ಟಳು.

ಪೆನ್ಸಿಲ್ಲಿನವರ ಮುಂದೆ ಇದನ್ನು ಹೇಗೆ ಕೇಳುವುದು? ಕೈಯಲ್ಲಿ ಕೊಟ್ಟಿದ್ದರೆ ಯಾರೂ ಕೇಳದಿದ್ದ ಹಣ, ಈ ದಾರಿಯಲ್ಲಿ ಹೋದದ್ದಕ್ಕೆ ಕಂಪನಿಗೆ ಒಂದು ಪಾಲು, ಸರ್ಕಾರಕ್ಕೆ ಒಂದು ಪಾಲು. ನನ್ನ ಪಿಂಚಣಿಗೆ ಒಮ್ಮೆ ತೆರಿಗೆ ಕಟ್ಟಿ, ಉಳಿದದ್ದನ್ನು ಹೆಂಡತಿಗೆ ಕೊಟ್ಟು, ಅಲ್ಲಿ ಇನ್ನೊಮ್ಮೆ ಕಟ್ಟಿಸಿದ್ದೇನೆ. ಬುದ್ಧಿವಂತಿಕೆ ನೋಡು ನಿನ್ನಪ್ಪನದು. ಹೀಗೇ ಮಾತಿಗೆ ಕೇಳುವವನ ಹಾಗೆ, ಒಬ್ಬರ ಮನೆಯವರೇ ಬೇರೆ ಹೆಸರಿನಲ್ಲಿ ಸದಸ್ಯರಾಗಿದ್ದರೆ ಅದನ್ನು ಬೇರೆ ಮಾಡಬಹುದೇ ಸಾರ್ ಅಂದೆ. ಅವರು ಪೆನ್ಸಿಲ್ ಕೆಳಗಿಟ್ಟು, 'ಕೊನೆ ಸೀಟಾ?' ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಶರ್ಟಿನ ಜೇಬಿಗೆ ಹೋಯಿತು.

ಅಮ್ಮನಿಗೆ ಮೊದಲ ದಿನದಿಂದಲೂ ಗೊತ್ತಿತ್ತು, ಪುಟ್ಟಿ. ಅಡುಗೆಮನೆಯಿಂದ ಓಡಿಬಂದಾಗಲೇ ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಅವಳು ಎದುರಿಗೇ ನಿಂತು ನೋಡಿದ್ದಾಳೆ. ಕಳೆದ ವರ್ಷ ಇದೇ ಕುರ್ಚಿಯಲ್ಲಿ ಕೂತು ಇದೇ ಪ್ರಶ್ನೆ ಕೇಳಿದಳಂತೆ. ಅವರು, ಅದು ಗಂಡನದೇ ಹಣ ಅನ್ನುವುದಾದರೆ ಬ್ಯಾಂಕಿನ ಕಾಗದ ತರಿಸಿ, ಬೇರೆ ಮಾಡಲಾಗುತ್ತದೋ ನೋಡೋಣ, ಯಜಮಾನರದೊಂದು ಸಹಿ ಬೇಕು ಅಂದರಂತೆ. ಅದಕ್ಕೆ ಅಮ್ಮ ಹೇಳಿದ್ದನ್ನು ಅವರು ಅವಳ ದನಿಯಲ್ಲೇ ಹೇಳಲು ನೋಡಿದರು. 'ಬೇಡ, ಎಲ್ಲದರ ಜೊತೆಗೇ ಸೇರಿಸಿಬಿಡಿ. ಸಹಿ ಕೇಳಿದ್ರೆ ನನಗೆ ಗೊತ್ತು ಅಂತ ಅವರಿಗೆ ಗೊತ್ತಾಗ್ಬಿಡುತ್ತೆ. ಸದಸ್ಯರಾಗಿ ಕೂತ್ಕೊಂಡಿದ್ದಾರೆ, ಕೂತ್ಕೊಳ್ಳಲಿ. ಅದೂ ನಾನು ದುಡಿದದ್ದೇ.' ನನ್ನ ಗುಟ್ಟು ಕಾಯಲು ಅವಳು ತೆರಿಗೆ ಕಟ್ಟಿದ್ದಳು.

ಅವರು ಫ್ಯಾನಿನ ವೇಗ ಹೆಚ್ಚಿಸುವ ನೆಪದಲ್ಲಿ ಎದ್ದುಹೋಗಿ ಗೋಡೆ ಕಡೆ ಮುಖ ಮಾಡಿ ನಿಂತರು. ಒಳ್ಳೆಯ ಮನುಷ್ಯ. ನಾನು ಮೇಜಿನ ಮೇಲಿನ ಒಂಟಿ ಶೂವಿನ ಲೇಸು ಕಟ್ಟಿ ಬಿಚ್ಚಿ ಮಾಡುತ್ತಿದ್ದೆ.

ನನ್ನ ಚೆಂದದ ಉತ್ತರವನ್ನು ಅಲ್ಲೇ ಹರಿದು ಹಾಕಿದೆ. ಅವಳು ದುಡಿದದ್ದು ಎಂದು ಅವಳೇ ಹೇಳಿದ ಮೇಲೆ ಉಡುಗೊರೆ ಅನ್ನಲು ನಾನು ಯಾರು? ಈ ವರ್ಷದ್ದನ್ನೂ ಅವಳ ಹೆಸರಿನಲ್ಲಿ ಸಂಪಾದನೆಯೆಂದೇ ತೋರಿಸಿ ಕಟ್ಟಿದ್ದೇವೆ. ರಸೀದಿಯಲ್ಲಿ ಅವಳ ಹೆಸರಿನ ಮುಂದೆ ವೃತ್ತಿ ಅನ್ನುವ ಕಡೆ 'ರಫೂ ಕೆಲಸ, ಬೋಧನೆ' ಎಂದಿದೆ. ಜೀವಮಾನವಿಡೀ ಎಲ್ಲ ಅರ್ಜಿಗಳಲ್ಲೂ ಆ ಜಾಗದಲ್ಲಿ ನಾನೇ 'ಗೃಹಿಣಿ' ಎಂದು ತುಂಬಿದ್ದೆ.

ಮನೆಗೆ ಬಂದು ಇನ್ನೊಂದು ಕೆಲಸ ಮಾಡಿದೆ. ಹಣ ಕಳಿಸುತ್ತಲೇ ಇದ್ದ ಆ ಜನಕ್ಕೆ ಅಮ್ಮ ಇಲ್ಲವೆಂದು ತಿಳಿಸಿರಲಿಲ್ಲವಲ್ಲ. ಹೇಳಿದರೆ ಅದು ಇನ್ನೊಮ್ಮೆ ಆದ ಹಾಗೆ ಎಂದು ಮುಂದೂಡುತ್ತಾ ಬಂದಿದ್ದೆ. ಸಂಪಾದನೆ ಎಂದಮೇಲೆ ಕೆಲಸ ಮಾಡದೆ ತೆಗೆದುಕೊಳ್ಳಬಾರದು. ಅಂಗಡಿಯ ಹುಡುಗಿಯ ಹತ್ತಿರ ನಾಲ್ಕು ಸಾಲು ಹಾಕಿಸಿದೆ: ನಿಮ್ಮ ರಫೂ ಅಮ್ಮ ತೀರಿಕೊಂಡಿದ್ದಾರೆ, ಇನ್ನು ಹಣ ಕಳಿಸಬೇಡಿ, ಮೊದಲು ಮಾಡಿದ್ದನ್ನೆಲ್ಲ ಯಾವಾಗ ಬೇಕಾದರೂ ನೋಡಿ ಎಂದು. ಅವಳು ಹೋದ ಮೇಲೆ ಬಂದ ಹಣವನ್ನು ವಾಪಸು ಕಳಿಸುವ ಏರ್ಪಾಟೂ ಆಗುತ್ತಿದೆ. ವಾಪಸು ಬೇಡವೆಂದವರ ಹಣದ ಲೆಕ್ಕ ಮಾತ್ರ ಉಳಿಯುತ್ತದೆ. ಬಹಳ ಜನ ಬರೆದಿದ್ದಾರೆ. ಹಡಗಿನ ಅಡುಗೆಯವನು ತನ್ನ ಏಪ್ರನ್ನಿನ ಚಿತ್ರ ಕಳಿಸಿದ್ದಾನೆ, ಹರಿದಲ್ಲಿ ಅವನೇ ಹಾಕಿದ ಅಮ್ಮನ ಹೊಲಿಗೆ. ಒರಟಾಗಿದೆ, ಆದರೆ ಅವಳದೇ ಹೊಲಿಗೆ. ನೋಡಬೇಕೆನಿಸಿದಾಗ ಹೇಳು, ಕಳಿಸುತ್ತೇನೆ. ಅವಸರವಿಲ್ಲ.

ನಿನ್ನ ಫೋನಿನಲ್ಲಿ ಚಾನೆಲ್ ಕಾಣದ ಹಾಗೆ ಮಾಡಬಹುದಂತೆ, ಮುಚ್ಚಬೇಕಾಗಿಲ್ಲವಂತೆ. ಹೇಗೆಂದು ಅಂಗಡಿಯ ಹುಡುಗಿ ಬರೆದುಕೊಟ್ಟಿದ್ದಾಳೆ, ಇದರ ಜೊತೆ ಇಟ್ಟಿದ್ದೇನೆ. ಹಾಗೆ ಮಾಡಿಕೊಂಡು ನೆಮ್ಮದಿಯಾಗಿ ಉಣ್ಣು. ತೆಳ್ಳಗಾಗಿದ್ದೀ ಎಂದು ಕಳೆದ ಸಲದ ಫೋಟೋದಲ್ಲೇ ಕಂಡಿತು. ನಿನ್ನ ಮೇಲಿನ ಎಂಜಿನಿಯರ್ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ನಿನಗೆ ಕೆಮ್ಮಿನ ಔಷಧಿ ನೆನಪಿಸುತ್ತಿರುವುದು ಅವರೇ ಎಂದು ನನಗೆ ಗೊತ್ತು. ಅಗೆಯುವ ಬೆಟ್ಟ ನಿನ್ನ ಮೇಲೆ ಮುನಿಯದಿರಲಿ, ಹಿಡಿದ ಅಳತೆ ತಪ್ಪದಿರಲಿ. ನೂರು ಕಾಲ ಚೆನ್ನಾಗಿರು, ಮಗಳೇ.

ಇಲ್ಲಿ ಕೂತು ನಿನ್ನನ್ನೇ ನೆನೆಯುವ,
ನಿನ್ನ ಅಪ್ಪ

ಅಂಟು ಹಚ್ಚುವ ಮೊದಲು ಇನ್ನೊಂದು: ನೀನು ಸಹಿ ಮಾಡಿದ ಅರ್ಜಿಯನ್ನು ನಾನು ಕೊಟ್ಟಿಲ್ಲ. ಬದಲಿಗೆ ಚಾನೆಲ್ಲನ್ನು ನನ್ನ ಹೆಸರಿಗೆ ಮಾಡುವ ಕಾಗದ ಇದರೊಳಗಿದೆ. ಪೆನ್ಸಿಲಿನ ಗುರುತು ಇರುವಲ್ಲಿ ಸಹಿ ಮಾಡಿ ಕಳಿಸಮ್ಮ, ಇದೊಂದು ಕೇಳುತ್ತೇನೆ. ಸದಸ್ಯರೆಲ್ಲ ಇಳಿದಿದ್ದಾರೆ, ಕೊನೆ ಸೀಟು ಮಾತ್ರ ಇಳಿದಿಲ್ಲ. ನಿಮ್ಮ ಹಣ ನಿಮಗೇ ಬರಲು ಕಂಪನಿಗೂ ಸರ್ಕಾರಕ್ಕೂ ಪಾಲು ಕೊಡ್ತೀರಲ್ಲ, ಇದೆಂಥ ಲೆಕ್ಕ ಯಜಮಾನ್ರೇ ಎಂದು ಪೆನ್ಸಿಲ್ಲಿನವರು ತಲೆ ಚಚ್ಚಿಕೊಂಡರು. ಅವರಿಗೆ ಹೇಳಲಾಗಲಿಲ್ಲ, ನಿನಗೆ ಹೇಳುತ್ತೇನೆ. ತಿಂಗಳ ಹಣ ಹೋದೊಡನೆ ನನ್ನ ಫೋನಿಗೆ ಅವಳು ಧ್ವನಿಮುದ್ರಿಸಿದ ಆ ಧನ್ಯವಾದ ಬರುತ್ತದೆ. 'ನಿಮ್ಮ ಹಣ ತಲುಪಿತು, ನಿಮ್ಮ ಬಟ್ಟೆ ಗಟ್ಟಿಯಾಗಿರಲಿ, ಮನಸ್ಸೂ ಗಟ್ಟಿಯಾಗಿರಲಿ' ಎಂದು ಮುಗಿಸುತ್ತಾಳೆ. ಅಷ್ಟರಲ್ಲಿ ಬಾಗಿಲು ಸದ್ದಾಗುತ್ತದೆ. 'ರೀ, ಮೆಲ್ಲಗೆ ಹಾಕಬಾರದಾ? ಬನ್ನಿ, ಚೀಲ ಅಲ್ಲಿಡಿ' ಅನ್ನುತ್ತಾಳೆ. ಈಗ ನನ್ನನ್ನು ರೀ ಎಂದು ಕರೆಯುವವರು ಬೇರೆ ಯಾರೂ ಇಲ್ಲ, ಪುಟ್ಟಿ. ಪ್ರತಿಯಾಗಿ ಏನೂ ಸಿಗುವುದಿಲ್ಲವೆಂದು ಅವತ್ತು ಅವರ ಮುಂದೆ ಹೇಳಿಬಿಟ್ಟೆ. ನಾಳೆ ಬೆಳಗ್ಗೆ ಹೋಗಿ ಸರಿಪಡಿಸುತ್ತೇನೆ.